ಕ್ಯಾಬಿನೆಟ್ ಬದಲಾಯಿತು

ನಮ್ಮ ಕ್ಯಾಬಿನೆಟ್ ಬದಲಾಗಿದೆ ಎಂದು ವಾಟ್ಸಾಪ್‌ನಲ್ಲಿ ಹಾಕಿದ್ದೇ ತಡ, ‘ಯಾವ ಖಾತೆ ಯಾರಿಗೆ ಹೋತು?’ ಎಂದು ಗೆಳೆಯರು ಕೇಳಿದರು. ಬದಲಾಗಿದ್ದು ಕಂಪ್ಯೂಟರಿನ ಡಬ್ಬಿ. ರಾಯಚೂರಿನ ಒಂದು ಬಾಡಿಗೆ ಕೋಣೆಯಲ್ಲಿ ನಾವು ಮೂವರು ಸ್ಟ್ರಿಂಗರ್‌ಗಳು ಕೂಡುತ್ತೇವೆ. ಒಬ್ಬರಿಗೆ ನಗರ, ಒಬ್ಬರಿಗೆ ದೇವದುರ್ಗ, ಒಬ್ಬರಿಗೆ ಮಾನ್ವಿ. ಕಂಪ್ಯೂಟರ್ ಮಾತ್ರ ಮೂವರಿಗೂ ಒಂದೇ.

ಹಳೆಯದು ತೆಳು ತಗಡಿನದು. ಸ್ವಿಚ್ ಒತ್ತಿದರೆ ಹಿಟ್ಟಿನ ಗಿರಣಿ ಶುರುವಾದಂತೆ. ಹತ್ತಿಯ ಎಳೆ, ಅಕ್ಕಿ ಗಿರಣಿಯ ತೌಡು, ರಸ್ತೆಯ ಧೂಳು ಎಲ್ಲ ಫ್ಯಾನಿನ ರೆಕ್ಕೆಗೆ ಮೆತ್ತಿಕೊಂಡು ಸದ್ದು ವರ್ಷದಿಂದ ವರ್ಷಕ್ಕೆ ಏರಿತ್ತು. ನಮಗೂ ರೂಢಿಯಾಗಿತ್ತು.

ಆ ಸದ್ದಿನ ನಡುವೆಯೇ ಒಂದು ತಪ್ಪಾಯಿತು. ತಪ್ಪು ನಮ್ಮದೇ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು 227 ಕಿ.ಮೀ. ಹರಿಯಬೇಕು. ಮೇಲೆ ನೀರು ಎತ್ತಿದಷ್ಟೂ ಮಾನ್ವಿ, ರಾಯಚೂರು ಕಡೆಯ ಕೊನೆಭಾಗಕ್ಕೆ ಕಡಿಮೆ. ಮಾನ್ವಿ ತಾಲೂಕಿನ ಹಿರಿಯ ರೈತರೊಬ್ಬರು ನಮ್ಮ ರೆಕಾರ್ಡಿಂಗ್‌ನಲ್ಲಿ ‘ನೀರು ಬರ್ತಿದ್ವು’ ಎಂದಿದ್ದರು. ನಾವು ಸ್ಪೀಕರ್ ಹಚ್ಚಿ ಕೇಳಿ, ‘ನೀರು ಬರ್ತಾವ’ ಎಂದು ತಿಳಿದು ಬರೆದೆವು. ಮರುದಿನ ಬೆಳಿಗ್ಗೆ ಅವರ ಫೋನ್: ‘ಸರ, ನೀರು ಬರ್ತಾವಂತ ಬರದೀರಲ್ಲ, ಬಂದ್ರ ನಾ ಯಾಕ ನಿಮ್ಮುಂದ ಹೇಳ್ಕೋತಿದ್ದೆ?’ ತಿದ್ದುಪಡಿ ಒಳಪುಟದಲ್ಲಿ ಮೂರು ಸಾಲು ಬಂತು. ಅವರು ಅದನ್ನು ನೋಡಿದರೋ ಇಲ್ಲವೋ.

‘ಒಂದೋ ನಮ್ಮ ಕಿವಿಗೆ ಮಷಿನ್ ಹಾಕ್ಕೋಬೇಕು, ಇಲ್ಲಾ ಇದರ ಬಾಯಿ ಮುಚ್ಚಿಸಬೇಕು’ ಎಂದ ದೇವದುರ್ಗದ ಗೆಳೆಯ. ಮೂವರೂ ದುಡ್ಡು ಹಾಕಿ ಸಿಕಂದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ಕ್ಯಾಬಿನೆಟ್ ತರಿಸಿದೆವು.

ಎತ್ತಿದಾಗಲೇ ಭಾರ ಗೊತ್ತಾಯಿತು. ಅಕ್ಕಪಕ್ಕದ ತಗಡಿಗೆ ಒಳಗಿನಿಂದ ದಪ್ಪ ಕಪ್ಪು ಹಾಳೆ ಅಂಟಿಸಿದ್ದಾರೆ, ಮುಂದೆ ಫೋಮ್ ಇರುವ ಬಾಗಿಲು. ಹಾರ್ಡ್ ಡಿಸ್ಕ್ ರಬ್ಬರ್ ಮೇಲೆ ಕೂತಿದೆ, ಅದರ ನಡುಕ ತಗಡಿಗೆ ಇಳಿಯುವುದಿಲ್ಲ. ಹಳೆಯ 80 ಮಿ.ಮೀ. ಫ್ಯಾನಿನ ಜಾಗದಲ್ಲಿ 140 ಮಿ.ಮೀ. ಫ್ಯಾನುಗಳು. ಅಗಲ ಹೆಚ್ಚಿರುವುದರಿಂದ ನಿಧಾನ ತಿರುಗಿದರೂ ಅಷ್ಟೇ ಗಾಳಿ ತಳ್ಳುತ್ತವೆ. ಧೂಳಿನ ಜಾಲರಿ ಎಳೆದು ತೆಗೆದು ನಳದ ಕೆಳಗೆ ತೊಳೆಯಬಹುದು. ರಾಯಚೂರಿನವರಿಗೆ ಇದೇ ದೊಡ್ಡ ಅನುಕೂಲ.

ಮೊದಲ ದಿನ ಆನ್ ಆಗಿಲ್ಲವೆಂದು ಮತ್ತೊಮ್ಮೆ ಒತ್ತಿ ನಾವೇ ಆಫ್ ಮಾಡಿಬಿಟ್ಟೆವು!

ಒಂದು ಅನುಮಾನ ಉಳಿದಿದೆ. ಸದ್ದು ತಡೆಯುವ ಬಾಗಿಲು ಗಾಳಿಯನ್ನೂ ತಡೆಯುತ್ತದೆ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಬಾಗಿಲು ತೆರೆದೇ ಇಡಬೇಕಾದೀತು, ಸ್ವಲ್ಪ ಸದ್ದು ಮರಳೀತು. ಬೇಸಿಗೆ ಕಳೆದ ಮೇಲೆ ಅದನ್ನೂ ಬರೆಯುತ್ತೇವೆ.

ಆ ಹಳೆಯ ರೆಕಾರ್ಡಿಂಗ್ ಮತ್ತೆ ಕೇಳಿದೆವು. ‘ಬರ್ತಿದ್ವು.’ ಸ್ಪಷ್ಟವಾಗಿಯೇ ಇದೆ. ಅವರ ಮಾತಿನ ಹಿಂದೆ, ಸ್ವಲ್ಪ ದೂರದಿಂದ, ಹೆಣ್ಣುಮಗಳೊಬ್ಬರ ದನಿ: ‘ಎರಡು ವರ್ಷ ಆತು ಅಂತ ಹೇಳ್ರಿ.’

ಆ ದಿನ ನಾವು ಆಕೆಯನ್ನು ಏನೂ ಕೇಳಿರಲಿಲ್ಲ. ಮುಂದಿನ ವಾರ ಮೂವರೂ ಮಾನ್ವಿಗೆ ಹೋಗುತ್ತಿದ್ದೇವೆ. ಮೊದಲ ಪ್ರಶ್ನೆ ಆಕೆಗೆ.