ಕಾಕನಕೋಟೆಯ ಪಾಠ ಮತ್ತು ಕಾರಾಪುರದ ಸಾಬು

ಸುಮಾರು ಹತ್ತು ವರ್ಷಗಳ ಹಿಂದಿನ ಮಾತು. ರಾಜಾಜಿನಗರದ ಕಾಲೇಜೊಂದರಲ್ಲಿ ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಪಾಠ ಮಾಡುತ್ತಿದ್ದೆ. ಕಾಡುಕುರುಬರ ಕಾಕ, ಮೈಸೂರಿನ ರಣಧೀರ ಕಂಠೀರವ, ಕಾಡಿನ ಜನಕ್ಕೂ ಅರಮನೆಗೂ ಇದ್ದ ಸಂಬಂಧ ಇವುಗಳನ್ನು ವಿವರಿಸುತ್ತಿದ್ದಾಗ ಹೆಗ್ಗಡದೇವನಕೋಟೆಯ ಕಡೆಯಿಂದ ಬಂದಿದ್ದ ವಿದ್ಯಾರ್ಥಿಯೊಬ್ಬ ಎದ್ದು ನಿಂತ. “ಸಾರ್, ಕಾಕನಕೋಟೆ ಹತ್ತಿರ ಕಾರಾಪುರ ಅಂತ ಊರಿದೆ. ಅಲ್ಲಿನ ಮಾವುತರ ಹುಡುಗ ಒಬ್ಬ ಹಾಲಿವುಡ್‌ಗೆ ಹೋಗಿ ಹೀರೋ ಆಗಿದ್ದನಂತೆ. ನಮ್ಮಜ್ಜ ಹೇಳ್ತಿದ್ರು” ಎಂದ. ನಾನು ನಕ್ಕೆ. “ಸಿನಿಮಾ ಕಥೆ ಆಮೇಲೆ ಹೇಳುವೆಯಂತೆ, ಈಗ ಪಠ್ಯಕ್ಕೆ ಬಾ” ಎಂದೆ. ತರಗತಿಯೂ ನಕ್ಕಿತು. ಹುಡುಗ ಕುಳಿತುಕೊಂಡ. ಆ ವರ್ಷ ಮುಗಿಯುವವರೆಗೂ ಅವನು ನನ್ನ ತರಗತಿಯಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ. ಅದನ್ನೂ ನಾನು ಆಗ ಗಮನಿಸಲಿಲ್ಲ.

2020ರಲ್ಲಿ ಕಾಲೇಜುಗಳು ಮುಚ್ಚಿದ್ದ ದಿನಗಳಲ್ಲಿ, ವಿಜಯನಗರದ ಮನೆಯಲ್ಲಿ ಮಗಳ ಜೊತೆ ಕುಳಿತು ‘ದಿ ಥೀಫ್ ಆಫ್ ಬಾಗ್ದಾದ್’ ಎಂಬ ಹಳೆಯ ಚಿತ್ರವನ್ನು ನೋಡಿದೆ. 1940ರ ಆ ಚಿತ್ರ ಮೂರು ಆಸ್ಕರ್ ಪ್ರಶಸ್ತಿಗಳನ್ನು ಪಡೆದದ್ದು. ಅದರಲ್ಲಿ ಕಳ್ಳ ಹುಡುಗನ ಪಾತ್ರ ಮಾಡಿದವನ ಹೆಸರು ಸಾಬು ಎಂದಷ್ಟೇ ತೆರೆಯ ಮೇಲೆ ಬಂತು. ಕುತೂಹಲದಿಂದ ಹುಡುಕಿ ಓದಿದಾಗ ಕಂಡ ಮೊದಲ ವಿವರವೇ ನನ್ನನ್ನು ತಡೆದು ನಿಲ್ಲಿಸಿತು: ಜನನ 1924, ಸ್ಥಳ ಮೈಸೂರು ಸಂಸ್ಥಾನದ ಕಾರಾಪುರ.

ಸಾಬು ಅರಮನೆಯ ಆನೆಗಳ ಮಾವುತನೊಬ್ಬನ ಮಗ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ಆನೆಲಾಯದ ಆಶ್ರಯದಲ್ಲಿ ಬೆಳೆದವನು. 1935ರಲ್ಲಿ ‘ನಾನೂಕ್ ಆಫ್ ದಿ ನಾರ್ತ್’ ಖ್ಯಾತಿಯ ರಾಬರ್ಟ್ ಫ್ಲಾಹರ್ಟಿ, ಕಿಪ್ಲಿಂಗನ ಆನೆಗಳ ತೂಮೈ ಕಥೆಯನ್ನು ಚಿತ್ರವಾಗಿಸಲು ಮೈಸೂರಿಗೆ ಬಂದ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡು ಆಗಿನ್ನೂ ಒಂದು ವರ್ಷ ಕಳೆದಿತ್ತು. ಕಿಪ್ಲಿಂಗನ ಕಥೆಯ ಕಾಡು ಈಶಾನ್ಯದ ಗಾರೋ ಬೆಟ್ಟಗಳದು. ಆನೆಗಳೂ ಖೆಡ್ಡಾದ ಅನುಭವವೂ ಇದ್ದುದರಿಂದ ಚಿತ್ರ ಮೈಸೂರಿನದಾಯಿತು. ತೂಮೈ ಪಾತ್ರಕ್ಕೆ ಆನೆಲಾಯದ ಈ ಹುಡುಗನೇ ಸಿಕ್ಕಿದ. ಉಳಿದ ಭಾಗವನ್ನು ಝೋಲ್ಟನ್ ಕೋರ್ಡಾ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಚಿತ್ರಿಸಿದ. 1937ರಲ್ಲಿ ‘ಎಲಿಫೆಂಟ್ ಬಾಯ್’ ಬಿಡುಗಡೆಯಾಗಿ, ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕೆ ಪ್ರಶಸ್ತಿ ಪಡೆಯಿತು.

ಮುಂದಿನದು ಏರುಗತಿಯ ಬದುಕು. 1938ರಲ್ಲಿ ‘ದಿ ಡ್ರಮ್’, 1942ರಲ್ಲಿ ಮೋಗ್ಲಿಯಾಗಿ ‘ಜಂಗಲ್ ಬುಕ್’, ಅದೇ ವರ್ಷ ‘ಅರೇಬಿಯನ್ ನೈಟ್ಸ್’, 1947ರಲ್ಲಿ ‘ಬ್ಲ್ಯಾಕ್ ನಾರ್ಸಿಸಸ್’. ಭಾರತೀಯರಿಗೆ ಅಮೆರಿಕದ ಪೌರತ್ವ ಸಾಮಾನ್ಯವಾಗಿ ನಿಷಿದ್ಧವಾಗಿದ್ದ ಕಾಲವದು. 1923ರ ತೀರ್ಪು ಮುಚ್ಚಿದ್ದ ಬಾಗಿಲನ್ನು 1946ರ ಕಾಯಿದೆ ತೆರೆಯಬೇಕಾಯಿತು. ಸಾಬು ಅವರಿಗೆ ಅದಕ್ಕೂ ಮೊದಲು, 1944ರಲ್ಲೇ ಪೌರತ್ವ ದೊರೆಯಿತು. ಎರಡನೆಯ ಮಹಾಯುದ್ಧದಲ್ಲಿ ಬಿ-24 ಬಾಂಬರ್ ವಿಮಾನದ ಗನ್ನರ್ ಆಗಿ ಪೆಸಿಫಿಕ್ ರಂಗದಲ್ಲಿ ಹೋರಾಡಿ, ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದರು.

ಆದರೆ ಯೋಧನಾಗಿ ಮರಳಿದ ಮೇಲೂ ಹಾಲಿವುಡ್ ಅವರಿಗೆ ಕೊಟ್ಟ ವೇಷ ಬಹುಮಟ್ಟಿಗೆ ಬದಲಾಗಲಿಲ್ಲ. ತಲೆಗೆ ರುಮಾಲು, ಹಿನ್ನೆಲೆಗೆ ಕಾಡು, ಪಕ್ಕದಲ್ಲೊಂದು ಪ್ರಾಣಿ. ಹುಡುಗನಿಗೆ ಒಪ್ಪುತ್ತಿದ್ದ ಆ ವೇಷ ಮೂವತ್ತು ದಾಟಿದ ಗಂಡಸಿಗೆ ಒಪ್ಪದಾಯಿತು. ‘ಮದರ್ ಇಂಡಿಯಾ’ ಚಿತ್ರದ ಬಿರ್ಜು ಪಾತ್ರಕ್ಕೆ ಮೆಹಬೂಬ್ ಖಾನ್ ಮೊದಲು ಯೋಚಿಸಿದ್ದು ಸಾಬು ಅವರನ್ನು. ಅದು ಕೈಗೂಡದೆ ಪಾತ್ರ ಸುನಿಲ್ ದತ್ತರ ಪಾಲಾಯಿತು. 1963ರ ಡಿಸೆಂಬರ್ 2ರಂದು, 39ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ಅವರು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಮರುವರ್ಷ ತೆರೆಕಂಡ ಕೊನೆಯ ಚಿತ್ರ ‘ಎ ಟೈಗರ್ ವಾಕ್ಸ್’ನಲ್ಲಿ ಅವರದು ಹುಲಿಯನ್ನು ನೋಡಿಕೊಳ್ಳುವ ಭಾರತೀಯನ ಪಾತ್ರ. ಆನೆಯೊಂದಿಗೆ ಆರಂಭವಾದ ನಟಜೀವನ ಹುಲಿಯೊಂದಿಗೆ ಮುಗಿಯಿತು.

ಇದನ್ನೆಲ್ಲ ಓದಿದ ರಾತ್ರಿ ನನ್ನನ್ನು ಕಾಡಿದ್ದು ಹಾಲಿವುಡ್ಡಿನ ಸಂಕುಚಿತತೆಯಲ್ಲ, ನನ್ನದು. ನಾನು ವರ್ಷವರ್ಷವೂ ಹಳಗನ್ನಡದ ತರಗತಿಯಲ್ಲಿ ಗಂಗರ ಶಿವಮಾರನ ‘ಗಜಾಷ್ಟಕ’ವನ್ನು ಪ್ರಸ್ತಾಪಿಸುತ್ತೇನೆ. ಆ ಕೃತಿ ನಮಗೆ ಸಿಕ್ಕಿಲ್ಲ. ಅದು ಓವನಿಗೆಯೂ ಒನಕೆವಾಡೂ ಆಗಿ ಜನರ ಬಾಯಲ್ಲಿತ್ತೆಂದು ಶಾಸನವೊಂದು ಹೇಳುವ ಒಂದು ಮಾತಿನ ಬಲದಿಂದ, ಇಲ್ಲದ ಆ ಗ್ರಂಥಕ್ಕೆ ಸಾಹಿತ್ಯಚರಿತ್ರೆಯಲ್ಲಿ ಗೌರವದ ಸ್ಥಾನ ಕೊಟ್ಟಿದ್ದೇವೆ, ಅದು ಸರಿಯೇ. ಆದರೆ ಅದೇ ನಾನು, ಅದೇ ಗಂಗರು ಆಳಿದ ಸೀಮೆಯ ಹುಡುಗ ತನ್ನಜ್ಜನ ಬಾಯಿಂದ ಕೇಳಿದ ಮಾತನ್ನು ಹೇಳಿದಾಗ ಆಧಾರವೇನೆಂದು ಕೂಡ ಕೇಳದೆ ನಕ್ಕುಬಿಟ್ಟೆ. ಅಂಬಾರಿಯಲ್ಲಿ ಕುಳಿತವನ ಬಗ್ಗೆ ಒಂದು ಸಾಲು ಸಿಕ್ಕರೂ ನಮಗೆ ಪ್ರಮಾಣ. ಆನೆಯ ಕತ್ತಿನ ಮೇಲೆ ಕುಳಿತವನ ಬಗ್ಗೆ ಊರೇ ನೆನಪಿಟ್ಟುಕೊಂಡಿದ್ದರೂ ಅದು ಕಟ್ಟುಕಥೆ. ಸಾಬು ಅವರ ವಿಷಯದಲ್ಲಿ ಸಾಕ್ಷ್ಯಕ್ಕೇನೂ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಕೇಳುವ ಕಿವಿಯಲ್ಲಿ.

ಮರುವರ್ಷದ ರಜೆಯಲ್ಲಿ ಕಾರಾಪುರಕ್ಕೆ ಹೋಗಿಬಂದೆ. ಖೆಡ್ಡಾ 1971ಕ್ಕೆ ನಿಂತುಹೋಯಿತು. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ನೀರು ಕಾಕನಕೋಟೆಯ ಖೆಡ್ಡಾದ ನೆಲವನ್ನು ಮುಳುಗಿಸಿತು. ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಆನೆಗಳ ಹಿಂಡು ಬರುತ್ತದೆ. ಅವನ್ನು ನೋಡಲು ಜೀಪುಗಳಲ್ಲಿ ಪ್ರವಾಸಿಗರು ಬರುತ್ತಾರೆ. ಅಂದು ನಾನೂ ಅವರಲ್ಲೊಬ್ಬನಾಗಿ ನಿಂತಿದ್ದೆ.

ಆ ವಿದ್ಯಾರ್ಥಿ ಈಗ ಎಲ್ಲಿದ್ದಾನೋ ತಿಳಿಯದು. ಹಳೆಯ ಸಂಖ್ಯೆಗೆ ಕರೆ ಮಾಡಿದೆ, ಅದು ಬಳಕೆಯಲ್ಲಿರಲಿಲ್ಲ. ಅವನ ಅಜ್ಜ ಇನ್ನೇನೇನು ಹೇಳುತ್ತಿದ್ದರು, ಆ ಹುಡುಗನನ್ನು ಅವರು ಕಂಡಿದ್ದರೇ, ಆನೆಲಾಯದಲ್ಲಿ ಅವನನ್ನು ಏನೆಂದು ಕರೆಯುತ್ತಿದ್ದರು ಎಂಬ ಪ್ರಶ್ನೆಗಳು ನನ್ನಲ್ಲೇ ಉಳಿದಿವೆ. ವಿದೇಶಿ ಪುಸ್ತಕಗಳಲ್ಲಿ ಸಿಗದ ಉತ್ತರಗಳು ಅವು. ಅಂದು ಐದು ನಿಮಿಷ ಕೊಟ್ಟಿದ್ದರೆ ಬಹುಶಃ ಸಿಗುತ್ತಿದ್ದವು.

ಈಗ ‘ಕಾಕನಕೋಟೆ’ಯ ಪಾಠವನ್ನು ನಾನು ಕಾರಾಪುರದಿಂದಲೇ ಆರಂಭಿಸುತ್ತೇನೆ. ಈ ಸೀಮೆಯ ಬಗ್ಗೆ ಮನೆಯ ಹಿರಿಯರು ಹೇಳಿದ ಮಾತು ಯಾರಿಗಾದರೂ ನೆನಪಿದೆಯೇ ಎಂದು ಮೊದಲು ಕೇಳುತ್ತೇನೆ. ಹೇಳಿದ್ದನ್ನು ಬರೆದಿಟ್ಟುಕೊಳ್ಳುತ್ತೇನೆ. ಪರಿಶೀಲನೆ ಆಮೇಲಿನ ಕೆಲಸ.