ಸುರಂಗದಾಚೆಯ ಶುರ್ ಮರಗಳು

ಮನಾಲಿಯಿಂದ ಹೊರಟಾಗ ಜುಲೈ ತಿಂಗಳ ಸಣ್ಣ ಮಳೆ. ರಸ್ತೆಯ ಎರಡೂ ಬದಿ ದೇವದಾರು ಮರಗಳು, ಕೆಳಗೆ ಜರೀಗಿಡ, ಪಾಚಿ. ಮಲೆನಾಡನ್ನೇ ಎತ್ತಿ ಇನ್ನಷ್ಟು ಮೇಲಕ್ಕಿಟ್ಟಂತೆ. ಸೋಲಂಗ್ ದಾಟಿ ಅಟಲ್ ಸುರಂಗ ಹೊಕ್ಕೆವು. ಒಂಬತ್ತು ಕಿಲೋಮೀಟರು ಕತ್ತಲೆ-ಬೆಳಕಿನಾಟ. ಹೊರಬಂದರೆ ಮಳೆಯೂ ಇಲ್ಲ, ದೇವದಾರುವೂ ಇಲ್ಲ! ಕಣ್ಣು ಕುಕ್ಕುವ ಬಿಸಿಲು, ಬೋಳು ಬೆಟ್ಟ, ತಳದಲ್ಲಿ ಬೂದುಬಣ್ಣದ ಚಂದ್ರಾ ನದಿ. “ಅಮ್ಮಾ, ಬೇರೆ ದೇಶಕ್ಕೆ ಬಂದ್ವಾ?” ಎಂದಳು ಮಗಳು. ಪಿಯುಸಿ ಮುಗಿಸಿ ಕಾಲೇಜು ಸೀಟಿಗಾಗಿ ಕಾಯುತ್ತಿದ್ದ ದಿನಗಳವು. ಮನೆಯಲ್ಲಿ ಕೂತು ಕೊರಗುವುದು ಬೇಡವೆಂದೇ ಅವಳನ್ನು ಲಾಹೌಲ್ ಕಣಿವೆಗೆ ಹೊರಡಿಸಿಕೊಂಡು ಬಂದಿದ್ದೆ.

ಆಗುಂಬೆಯಲ್ಲಿ ಸುರಿದು ಚಿತ್ರದುರ್ಗಕ್ಕೆ ಬರುವಷ್ಟರಲ್ಲಿ ಬರಿದಾಗುವ ಮೋಡಗಳ ಕಥೆಯೇ ಇಲ್ಲಿಯದೂ. ಅಲ್ಲಿ ಸಹ್ಯಾದ್ರಿ, ಇಲ್ಲಿ ಪೀರ್ ಪಂಜಾಲ್ ಪರ್ವತ ಸಾಲು. ಗೋಡೆ ಮಾತ್ರ ಬಹಳ ಎತ್ತರ. ಅದನ್ನು ದಾಟುವ ರೋಹ್ತಾಂಗ್ ಘಾಟಿಯೇ 3,978 ಮೀಟರ್. ಮುಂಗಾರು ಕುಲ್ಲು ಕಡೆಗೇ ನಿಂತುಬಿಡುತ್ತದೆ. ಲಾಹೌಲಿಗೆ ನೀರೆಂದರೆ ಮುಖ್ಯವಾಗಿ ಚಳಿಗಾಲದ ಹಿಮ. 2020ರ ಅಕ್ಟೋಬರಿನಲ್ಲಿ ಸುರಂಗ ತೆರೆಯುವವರೆಗೆ ವರ್ಷದಲ್ಲಿ ಸುಮಾರು ಆರು ತಿಂಗಳು ಈ ದಾರಿ ಹಿಮದಡಿ ಮುಚ್ಚಿರುತ್ತಿತ್ತು.

ಇಂಥ ಕಡೆ ಮರ ಹೇಗೆ ಬದುಕೀತು? ತಾಂಡಿಯಲ್ಲಿ ಚಂದ್ರಾ ಮತ್ತು ಭಾಗಾ ನದಿಗಳು ಕೂಡುತ್ತವೆ. ಅಲ್ಲಿಂದ ಭಾಗಾ ನದಿಯ ಜೊತೆ ತಿರುಗಿ ಕೇಲಾಂಗ್ ತಲುಪಿದಾಗ ಉತ್ತರ ಕಂಡಿತು. ಬಿಸಿಲು ಬೀಳುವ ಕಲ್ಲು ಇಳಿಜಾರಿನಲ್ಲಿ, ಒಂದಕ್ಕೊಂದು ಮಾತಾಡಿಸದಷ್ಟು ದೂರದೂರ ನಿಂತ ಕಡುಹಸಿರು ಮರಗಳು. ಕಾಂಡ ತಿರುಚಿಕೊಂಡಿದೆ, ತೊಗಟೆ ನಾರು ನಾರಾಗಿ ಸುಲಿದಿದೆ. ಊರವರು ಇದನ್ನು ಶುರ್ ಎನ್ನುತ್ತಾರೆ, ಲಡಾಖಿನಲ್ಲಿ ಶುಕ್ಪಾ. ಜುನಿಪರ್ ಜಾತಿಯ ಮರ. ಹೆಸರು ಜುನಿಪೆರಸ್ ಪಾಲಿಕಾರ್ಪೋಸ್, ಹಳೆಯ ಪುಸ್ತಕಗಳಲ್ಲಾದರೆ ಮ್ಯಾಕ್ರೊಪೋಡ. ನಮ್ಮ ಶಾಲೆಗಳ ಅಂಗಳದಲ್ಲಿ ಅಂದಕ್ಕೆ ಬೆಳೆಸುವ ಥೂಜಾ ಗಿಡ ಇದರದೇ ಕುಟುಂಬ. ಎಳೆಯ ಗಿಡದ ಎಲೆ ಸೂಜಿಯಂತೆ ಚುಚ್ಚುತ್ತದೆ, ಬಲಿತ ಕೊಂಬೆಯಲ್ಲಿ ಅದೇ ಎಲೆ ಮೀನಿನ ಹುರುಪೆಯಂತೆ ಅಂಟಿಕೊಂಡಿರುತ್ತದೆ. ನೇರಳೆಯಂಥ ಪುಟ್ಟ ಕಾಯಿಗಳನ್ನು ಹಣ್ಣೆಂದುಕೊಂಡರೆ ತಪ್ಪು. ಪೈನ್ ಮರದ ಕಾಯಿಯ ಹಾಗೆಯೇ ಅವೂ ಶಂಕುಗಳು, ಹೊರಪದರ ಮಾತ್ರ ತಿರುಳಾಗಿದೆ.

ಮರಗಳ ನಡುವಿನ ಜಾಗ ಬರಡೆಂದು ನಾನು ಎಣಿಸಿದ್ದೆ. ಮಗಳು ಬಗ್ಗಿ ಬೂದು ಬಣ್ಣದ ಒಂದು ಪೊದೆಯ ಎಲೆ ಉಜ್ಜಿ ನನ್ನ ಮೂಗಿಗೆ ಹಿಡಿದಳು. ಅರೆ, ದವನ! ದವನವೇ ಅಲ್ಲ, ಅದರ ಹತ್ತಿರದ ನೆಂಟ. ಎರಡೂ ಆರ್ಟಿಮಿಸಿಯಾಗಳೇ. ಅದರ ಪಕ್ಕದಲ್ಲಿ ಎಲೆಯೇ ಇಲ್ಲದಂತೆ ಕಾಣುವ, ಹಸಿರು ಕಡ್ಡಿಗಳ ಎಫೆಡ್ರಾ. ಬಂಡೆಯ ಸಂದಿಯಲ್ಲಿ ಗುಲಾಬಿ ಬಣ್ಣದ ಹೂ ತುಂಬಿದ ಕಾಡುಗುಲಾಬಿ. ಕೆಳಗೆ ನದಿಯಂಚಿಗೆ ಇಳಿದರೆ ಮುಳ್ಳಿನ ಛರ್ಮಾ ಪೊದೆಗಳು. ಶರತ್ಕಾಲಕ್ಕೆ ಕಿತ್ತಳೆ ಬಣ್ಣದ ಹುಳಿಹಣ್ಣು ಬಿಡುವ ಈ ಗಿಡ ತೊಗರಿ, ಹುರುಳಿಗಳಂತೆ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತದೆ.

ಎದುರಿನ, ಬಿಸಿಲು ಕಡಿಮೆ ಬೀಳುವ ಬೆಟ್ಟದ ಮುಖ ನೋಡಿದರೆ ಸಂಸಾರವೇ ಬೇರೆ. ಅಲ್ಲಿ ಹಿಮ ತಡವಾಗಿ ಕರಗುತ್ತದೆ, ತೇವ ಉಳಿಯುತ್ತದೆ. ಹಾಗಾಗಿ ಭೂರ್ಜ ಮರಗಳು; ಹಿಂದಿನವರು ತೊಗಟೆ ಸುಲಿದು ಗ್ರಂಥ ಬರೆಯುತ್ತಿದ್ದರಲ್ಲ, ಆ ಭೂರ್ಜಪತ್ರದ ಮರ. ಒಂದೇ ನದಿ, ಎರಡು ದಡ, ಎರಡು ಕಾಡು. ಪಠ್ಯಪುಸ್ತಕದಲ್ಲಿ ಒಂದು ಪುಟ ತಿನ್ನುವ ಪಾಠವನ್ನು ಇಲ್ಲಿ ಕುತ್ತಿಗೆ ತಿರುಗಿಸಿ ಕಲಿಯಬಹುದು.

ನಾವಿದ್ದ ಮನೆಯ ಅಜ್ಜಿ ಬೆಳಿಗ್ಗೆ ಕೆಂಡದ ಮೇಲೆ ಒಂದು ಚಿಟಿಕೆ ಶುರ್ ಎಲೆ ಹಾಕುತ್ತಿದ್ದರು. ಮನೆಯೆಲ್ಲ ಘಮ. ಗೊಂಪಾಗಳಲ್ಲೂ ಇದೇ ಧೂಪ. ಜನವರಿಯ ಹಾಲ್ಡಾ ಹಬ್ಬದಲ್ಲಿ ಇದರ ಕಡ್ಡಿಗಳನ್ನು ಕಟ್ಟಿ ಪಂಜು ಹಚ್ಚಿ ಹೊರಡುತ್ತಾರೆ. “ದೇವರಿಗೆ ಇಷ್ಟು ಸಾಕು ಬೇಟಿ, ಹೊಟ್ಟೆ ತುಂಬದಿರುವುದು ಒಲೆಗೆ” ಎಂದರು ಅಜ್ಜಿ, ಹಿಂದಿಯಲ್ಲಿ. ಚಳಿಗಾಲದ ಉರುವಲಿಗೆ ಊರವರು ಕಾಲುವೆಗಳ ಪಕ್ಕದಲ್ಲಿ ವಿಲ್ಲೊ ಮರ ನೆಟ್ಟು ಬೆಳೆಸುತ್ತಾರೆ. ಅದರ ಕೊಂಬೆ ಕಡಿದರೆ ಮತ್ತೆ ಚಿಗುರುತ್ತದೆ. ಶುರ್ ಹಾಗಲ್ಲ.

ಹಾಗಲ್ಲ ಎಂಬುದು ನಮಗೆ ತಿಳಿದದ್ದು ಮರುದಿನ ಸಂಜೆ. ಮುಂದಿನ ಊರಿನ ಒಂದು ತಂಗುದಾಣದಲ್ಲಿ ಪ್ರವಾಸಿಗರಿಗಾಗಿ ಅಂಗಳದಲ್ಲಿ ಬೆಂಕಿ ಹಾಕಿದ್ದರು. ಹಾಡು, ಕುಣಿತ. ಸುರಂಗ ಬಂದಮೇಲೆ ಜನವೋ ಜನ. ಮಗಳು ಮೂಗರಳಿಸಿ, “ಅಮ್ಮಾ, ಪೆನ್ಸಿಲ್ ಹೆರೆದ ವಾಸನೆ” ಎಂದಳು. ಸರಿಯಾಗಿಯೇ ಹೇಳಿದ್ದಳು. ಶುರ್ ಮರಕ್ಕೆ ಇಂಗ್ಲಿಷಿನಲ್ಲಿ ಪೆನ್ಸಿಲ್ ಸೀಡರ್ ಎಂದೇ ಹೆಸರು. ರಾಶಿಯಿಂದ ಒಂದು ಕೊರಡು ತೆಗೆದು ಟಾರ್ಚಿನ ಬೆಳಕಿನಲ್ಲಿ ಸುತ್ತುಗೆರೆ ಎಣಿಸತೊಡಗಿದಳು. ಒಂದು ಹೆಬ್ಬೆರಳಗಲದಲ್ಲಿ ನಲವತ್ತೇಳು. ವರ್ಷಕ್ಕೊಂದು ಗೆರೆ, ಅಂದರೆ ನನ್ನ ವಯಸ್ಸು. ಕೊರಡಿಗೆ ಅಂಥ ಮೂರು ಹೆಬ್ಬೆರಳಗಲ ಇತ್ತು. ಅದನ್ನು ಬೆಂಕಿಗೆ ಹಾಕಲು ಅವಳು ಕೊಡಲಿಲ್ಲ. ತಂಗುದಾಣದವರು ಮುಖ ಗಂಟಿಕ್ಕಿದರು. ಒಣಗಿ ಬಿದ್ದ ಮರ ಎಂದರು. ಇದ್ದರೂ ಇರಬಹುದು. ಬೆಂಕಿಗೆ ದುಡ್ಡು ಕೊಟ್ಟವರ ಪೈಕಿ ನಾನೂ ಒಬ್ಬಳಾಗಿದ್ದರಿಂದ ಹೆಚ್ಚು ಮಾತಾಡುವ ಮುಖ ನನಗಿರಲಿಲ್ಲ.

ಈ ಗೆರೆಗಳನ್ನೇ ಓದಿದವರು ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಿಜ್ಞಾನಿಗಳು. ಲಾಹೌಲಿನ ಜುನಿಪರ್ ಮರಗಳಿಂದ ಕೊರೆದು ತೆಗೆದ ತೆಳುವಾದ ಕಡ್ಡಿಗಳನ್ನು ಒಂದರ ಪಕ್ಕ ಒಂದಿಟ್ಟು, ಅಗಲ-ಕಿರಿದುಗಳನ್ನು ಹೊಂದಿಸಿ, ಕ್ರಿ.ಶ. 420ರಿಂದ 2003ರವರೆಗಿನ 1,584 ವರ್ಷಗಳ ಸರಣಿ ಕಟ್ಟಿದರು. ಅದು 2006ರಲ್ಲಿ ಪ್ರಕಟವಾದದ್ದು ನಮ್ಮ ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಸರಣಿ ಶುರುವಾದಾಗ ಬನವಾಸಿಯಲ್ಲಿ ಕದಂಬರು ಆಳುತ್ತಿದ್ದರು! ಮರ ಕೊಯ್ಯದೆ ಓದಬಹುದಾದ ಇಂಥ ದಫ್ತರ ಒಲೆಗೆ ಹೋದರೆ ಅದರ ನಕಲು ಬೇರೆಲ್ಲೂ ಸಿಗದು.

ಮರುದಿನ ಜಿಸ್ಪಾದ ಹತ್ತಿರ ಕಾರು ನಿಲ್ಲಿಸಿ ಇಳಿಜಾರು ಹತ್ತಿದೆವು. ದೊಡ್ಡ ಮರಗಳಿದ್ದವು, ಸಸಿಗಳು ಕಾಣಲಿಲ್ಲ. ಬೀಜದ ಸಿಪ್ಪೆ ಗಟ್ಟಿ, ಮೊಳೆತರೂ ಕುರಿ-ಮೇಕೆಗಳ ಬಾಯಿ. ಅರ್ಧ ಗಂಟೆ ಹುಡುಕಿದ ಮೇಲೆ ಕಾಡುಗುಲಾಬಿಯ ಮುಳ್ಳುಪೊದೆಯ ಒಳಗೆ ಒಂದು ಸಿಕ್ಕಿತು. ಸೂಜಿ ಎಲೆ, ಗೇಣುದ್ದವೂ ಇಲ್ಲ. ಮಗಳು ಮುಳ್ಳು ತರಚಿಸಿಕೊಂಡು ಕೈಹಾಕಿ, ಪಕ್ಕಕ್ಕೆ ತನ್ನ ಪೆನ್ಸಿಲ್ ಹಿಡಿದು ಎತ್ತರ ನೋಡಿದಳು. ಎರಡೂ ಸರಿಸಮ. ಕಿತ್ತು ಬೆಂಗಳೂರಿಗೆ ಒಯ್ಯೋಣವೇ ಎಂದು ಅವಳು ಕೇಳುತ್ತಾಳೆಂದು ಹೆದರಿದ್ದೆ, ಕೇಳಲಿಲ್ಲ.

ಕೆಳಗಿನಿಂದ ಡ್ರೈವರ್ ಹಾರನ್ ಒತ್ತಿದ. ದಾರ್ಚಾ ದಾಟಿ ರಸ್ತೆ ಇನ್ನೂ ಮೇಲೇರುತ್ತಿದ್ದಂತೆ ವಿಲ್ಲೊ ಹಿಂದುಳಿಯಿತು, ಆಮೇಲೆ ಶುರ್ ಕೂಡ. ಉಳಿದದ್ದು ಕಲ್ಲು, ಗಾಳಿ, ದವನದ ನೆಂಟ.