ಇಳಿವಯಸ್ಸಿನ ಬುದ್ಧಿಶಕ್ತಿ ಮತ್ತು ಕಲಿಕೆ

ವಯಸ್ಸಾದಂತೆ ಬುದ್ಧಿಶಕ್ತಿ ಕುಗ್ಗುತ್ತದೆ ಎಂಬ ನಂಬಿಕೆಗೆ ಒಂದು ಕಾಲದ ಮನೋವಿಜ್ಞಾನವೇ ಆಧಾರ ಒದಗಿಸಿತ್ತು. ಬೇರೆ ಬೇರೆ ವಯಸ್ಸಿನವರನ್ನು ಒಂದೇ ಅವಧಿಯಲ್ಲಿ ಪರೀಕ್ಷಿಸಿ ಹೋಲಿಸುವ ಅಧ್ಯಯನಗಳಲ್ಲಿ ಹಿರಿಯರ ಅಂಕಗಳು ಕಡಿಮೆ ಬಂದಾಗ, ಅವರ ತಲೆಮಾರಿಗೆ ದೊರೆತ ಶಾಲಾಶಿಕ್ಷಣವೇ ಕಡಿಮೆಯಿತ್ತೆಂಬುದನ್ನು ಸಾಕಷ್ಟು ಗಣಿಸದೆ, ಆ ಕೊರತೆಯನ್ನೆಲ್ಲ ಮುಪ್ಪಿನ ಮೇಲೆ ಹೊರಿಸಲಾಯಿತು. ಅಮೆರಿಕದ ಮನೋವಿಜ್ಞಾನಿ ಕೆ. ವಾರ್ನರ್ ಶಾಯಿ 1956ರಲ್ಲಿ ಸಿಯಾಟಲ್‌ನಲ್ಲಿ ಆರಂಭಿಸಿ, ಏಳೇಳು ವರ್ಷಗಳಿಗೊಮ್ಮೆ ಅದೇ ವ್ಯಕ್ತಿಗಳನ್ನು ಮತ್ತೆ ಪರೀಕ್ಷಿಸುತ್ತ, ಜೊತೆಗೆ ಹೊಸಬರನ್ನೂ ಸೇರಿಸಿಕೊಳ್ಳುತ್ತ ದಶಕಗಳ ಕಾಲ ಮುಂದುವರಿಸಿದ ಅಧ್ಯಯನವು ವಯಸ್ಸಿನ ಪರಿಣಾಮವನ್ನೂ ತಲೆಮಾರಿನ ಪರಿಣಾಮವನ್ನೂ ಬೇರ್ಪಡಿಸಿ ತೋರಿಸಿತು. ಗ್ರಹಿಕೆಯ ವೇಗ ಬೇಗನೆ ತಗ್ಗಿದರೂ, ಪದಸಂಪತ್ತಿನಂತಹ ಸಾಮರ್ಥ್ಯಗಳು ಅರವತ್ತರ ಆಚೆಗೂ ಬಹುಮಟ್ಟಿಗೆ ಉಳಿದಿದ್ದವು.

ಇದಕ್ಕಿಂತಲೂ ಮಹತ್ವದ್ದು ಶಾಯಿ ಮತ್ತು ಶೆರಿ ವಿಲ್ಲಿಸ್ 1986ರಲ್ಲಿ ಪ್ರಕಟಿಸಿದ ಫಲಿತಾಂಶ. ಅದೇ ಅಧ್ಯಯನದಲ್ಲಿದ್ದ, ಅರವತ್ತನಾಲ್ಕು ಮತ್ತು ಅದಕ್ಕೂ ಹೆಚ್ಚು ವಯಸ್ಸಿನ 229 ಜನರಿಗೆ ಸುಮಾರು ಐದು ಗಂಟೆಗಳಷ್ಟು ಮಾತ್ರ ತರಬೇತಿ ಕೊಟ್ಟು, ಆಕೃತಿಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಅಥವಾ ಸರಣಿಯೊಂದರ ನಿಯಮವನ್ನು ಊಹಿಸುವ ಕ್ರಮವನ್ನು ಕಲಿಸಿದಾಗ, ತರಬೇತಿಗೆ ಮುಂಚಿನ ಹದಿನಾಲ್ಕು ವರ್ಷಗಳಲ್ಲಿ ಸಾಮರ್ಥ್ಯ ಕುಗ್ಗಿದ್ದವರ ಪೈಕಿ ಸುಮಾರು ಶೇ. 40ರಷ್ಟು ಜನ ತಮ್ಮ ಹಿಂದಿನ ಮಟ್ಟಕ್ಕೆ ಮರಳಿದರು. ಕುಗ್ಗುವಿಕೆಯ ಒಂದು ಪಾಲಿಗೆ ಮಿದುಳಿನ ಸವೆತಕ್ಕಿಂತ ಬಳಕೆಯ ಕೊರತೆಯೇ ಕಾರಣವಿರಬಹುದು ಎಂಬ ಈ ಸೂಚನೆ, ಹಿರಿಯರ ಶಿಕ್ಷಣವನ್ನು ಕೇವಲ ಕಾಲಹರಣವೆಂದು ಕಾಣುವ ನೀತಿಗಳಿಗೆ ಗಂಭೀರ ಆಕ್ಷೇಪವಾಗಿದೆ. ಆದರೆ ಅಧ್ಯಯನಕ್ಕೆ ಒಳಪಟ್ಟವರು ಆರೋಗ್ಯ ವಿಮಾ ವ್ಯವಸ್ಥೆಯೊಂದರ ಸದಸ್ಯರಾಗಿದ್ದುದರಿಂದ, ಶಾಲೆಯ ಮೆಟ್ಟಿಲನ್ನೇ ಹತ್ತದೆ ದುಡಿದು ಮುಪ್ಪಿಗೆ ಬಂದವರಿಗೆ ಈ ತೀರ್ಮಾನಗಳನ್ನು ನೇರವಾಗಿ ಅನ್ವಯಿಸಲಾಗದು. ಅಂಥವರನ್ನು ಕುರಿತ ದೀರ್ಘಾವಧಿಯ ಸಂಶೋಧನೆ ಭಾರತದಂತಹ ದೇಶಗಳಿಗೆ ಹೆಚ್ಚು ಅಗತ್ಯ.